ಎರಕದ ವಿನ್ಯಾಸಕ್ಕೆ ಸಿಮ್ಯುಲೇಶನ್ ಸಾಫ್ಟ್‌ವೇರ್: ಮೊದಲ ಮಾಡೆಲ್‌ನಿಂದ ಕೊಯ್ದು ನೋಡುವವರೆಗೆ

ಪರದೆಯ ಮೇಲೆ ಒಂದು ಕೆಂಪು ಚುಕ್ಕೆಯೂ ಇಲ್ಲ, ಎರಕವನ್ನು ಕೊಯ್ದರೆ ಒಳಗೆ ತೂತು. ಸಿಮ್ಯುಲೇಶನ್ (ಲೋಹ ಅಚ್ಚು ತುಂಬಿ ಗಟ್ಟಿಯಾಗುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು) ಕಲಿಯಲು ಹೊರಟವರಿಂದ ಬರುವ ದೂರುಗಳಲ್ಲಿ ಬಹುಪಾಲು ಇದೇ. ಹೆಚ್ಚಿನ ಸಲ ಸಾಫ್ಟ್‌ವೇರ್ ಕೇಳಿದ ಲೆಕ್ಕವನ್ನು ಸರಿಯಾಗಿಯೇ ಮಾಡಿರುತ್ತದೆ. ಮೊದಲ ದಿನವೇ ಗೇಟು (ಲೋಹ ಅಚ್ಚಿನೊಳಗೆ ನುಗ್ಗುವ ಬಾಯಿ), ರನ್ನರ್ (ಗೇಟಿಗೆ ಲೋಹ ಒಯ್ಯುವ ಕಾಲುವೆ), ಫೀಡರ್ (ಗಟ್ಟಿಯಾಗುತ್ತಾ ಕುಗ್ಗುವ ಎರಕಕ್ಕೆ ದ್ರವ ಲೋಹ ಉಣಿಸುವ ಸಂಗ್ರಹ) ಎಲ್ಲವನ್ನೂ ಜೋಡಿಸಿ, ಡೀಫಾಲ್ಟ್ ಮೌಲ್ಯಗಳನ್ನು ಹಾಗೇ ಬಿಟ್ಟು ರನ್ ಕೊಟ್ಟಾಗ ಯಾವ ದೋಷ ಎಲ್ಲಿಂದ ಬಂತು ಎಂದು ಬಿಡಿಸಿ ನೋಡಲು ದಾರಿಯೇ ಉಳಿಯುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಹಂತಗಳ ಕ್ರಮಕ್ಕೇ ಹೆಚ್ಚು ಒತ್ತು. ಮರಳಿನ ಅಚ್ಚಿನಲ್ಲಿ ಸುರಿಯುವ ಎರಕವನ್ನು ಮುಂದಿಟ್ಟುಕೊಂಡು ಬರೆದದ್ದು ಇದು. ಹೈ ಪ್ರೆಶರ್ ಡೈ ಕಾಸ್ಟಿಂಗ್‌ನ ಲೆಕ್ಕಗಳು ಬೇರೆ, ಅವು ಇಲ್ಲಿಲ್ಲ.

## ಬೇಕಾಗುವ ಸಾಧನಗಳು

ಕ್ಯಾಡ್. ಸಾಲಿಡ್‌ವರ್ಕ್ಸ್, ಕ್ರಿಯೋ, ಎನ್‌ಎಕ್ಸ್, ಫ್ರೀಕ್ಯಾಡ್, ಯಾವುದಾದರೂ ಆಗುತ್ತದೆ. ಎರಡು ಸೌಲಭ್ಯ ಇರಲೇಬೇಕು: ಮಾಡೆಲ್‌ನ ಒಂದು ಭಾಗವನ್ನು ಬೇರ್ಪಡಿಸಿ ಅದರ ಘನ ಅಳತೆ ಮತ್ತು ಮೇಲ್ಮೈ ವಿಸ್ತೀರ್ಣ ತಿಳಿಯುವುದು, ಮತ್ತು ಗೋಡೆಯ ದಪ್ಪವನ್ನು ಒಂದೇ ಕಡೆ ಬದಲಿಸಿದರೆ ಇಡೀ ಮಾಡೆಲ್ ಬದಲಾಗುವುದು.

ಸಿಮ್ಯುಲೇಶನ್. ಮ್ಯಾಗ್ಮಾಸಾಫ್ಟ್, ಪ್ರೋಕಾಸ್ಟ್, ಫ್ಲೋ-3ಡಿ ಕಾಸ್ಟ್, ಸಾಲಿಡ್‌ಕಾಸ್ಟ್, ಆಟೋಕಾಸ್ಟ್, ಇನ್‌ಸ್ಪೈರ್ ಕಾಸ್ಟ್ ಇವೆಲ್ಲ ಎರಕಕ್ಕೆಂದೇ ಮಾಡಿದವು. ಪ್ರೋಕಾಸ್ಟ್ ಫೈನೈಟ್ ಎಲಿಮೆಂಟ್ ಜಾಲ (ಲೆಕ್ಕಕ್ಕಾಗಿ ಮಾಡೆಲ್ ಅನ್ನು ಸಣ್ಣ ತುಂಡುಗಳಾಗಿ ಒಡೆದದ್ದು) ಬಳಸುತ್ತದೆ, ಬಾಗಿದ ತೆಳು ಗೋಡೆಗಳಿಗೆ ಅದು ಚೆನ್ನಾಗಿ ಹೊಂದುತ್ತದೆ, ಆದರೆ ಜಾಲ ಸರಿಪಡಿಸುವ ಕೆಲಸ ಹೆಚ್ಚು. ಚೌಕ ಕೋಶಗಳ ಜಾಲವಿರುವ ಸಾಫ್ಟ್‌ವೇರುಗಳಲ್ಲಿ ಜಾಲ ಬೇಗ ಸಿದ್ಧವಾಗುತ್ತದೆ, ಆದರೆ ಓರೆ ಗೋಡೆ ಮೆಟ್ಟಿಲಿನಂತೆ ಒಡೆಯದಂತೆ ನೋಡಿಕೊಳ್ಳಬೇಕು. ಓಪನ್‌ಫೋಮ್ ಎಂಬ ದ್ರವ ಹರಿವಿನ ಸಾಫ್ಟ್‌ವೇರ್ ಉಚಿತ. ಆದರೆ ಅದರಲ್ಲಿ ಮಿಶ್ರಲೋಹಗಳ ದತ್ತಾಂಶವಾಗಲಿ, ಫೀಡರ್ ಲೆಕ್ಕವಾಗಲಿ ಸಿದ್ಧವಾಗಿ ಸಿಗುವುದಿಲ್ಲ. ಎರಕವನ್ನೂ ಅದನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ.

ಉಳಿದವು. ಕೈಲೆಕ್ಕಕ್ಕೆ ಒಂದು ಸ್ಪ್ರೆಡ್‌ಶೀಟ್, ಎಸ್‌ಟಿಎಲ್ ಫೈಲ್ (ಮೇಲ್ಮೈಯನ್ನು ತ್ರಿಕೋನಗಳಾಗಿ ಒಡೆದು ಉಳಿಸಿದ ಮಾಡೆಲ್) ಪರೀಕ್ಷಿಸಿ ದುರಸ್ತಿ ಮಾಡುವ ಒಂದು ಸಾಧನ, ಅಲ್ಯೂಮಿನಿಯಂಗಾದರೆ ಕೆ ಮಾದರಿಯ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ಮತ್ತು ಡೇಟಾ ಲಾಗರ್, ಎರಕ ಕೊಯ್ಯಲು ಬ್ಯಾಂಡ್ ಸಾ. ಕೊನೆಯ ಎರಡನ್ನು ಸಾಫ್ಟ್‌ವೇರ್ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ, ಆದರೆ ಅವಿಲ್ಲದೆ ಒಂಬತ್ತನೆಯ ಹಂತ ಇಲ್ಲ.

## ಹಂತ 1: ಎರಕದ ಮಾಡೆಲ್ ಬೇರೆಯಾಗಿ ಮಾಡಿ

ಗ್ರಾಹಕರಿಂದ ಬರುವುದು ಮೆಷಿನಿಂಗ್ ಮುಗಿದ ಭಾಗದ ಮಾಡೆಲ್. ಅದನ್ನೇ ಸಿಮ್ಯುಲೇಶನ್‌ಗೆ ಹಾಕಿದರೆ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ಕೊರೆಯಬೇಕಾದ ಸಣ್ಣ ರಂಧ್ರಗಳನ್ನು ಮುಚ್ಚಿ, ಮೆಷಿನಿಂಗ್ ಆಗುವ ಮುಖಗಳಿಗೆ 2ರಿಂದ 5 ಮಿ.ಮೀ. ಸೇರಿಸಿ, ಪ್ಯಾಟರ್ನ್ (ಮರಳಿನಲ್ಲಿ ಅಚ್ಚೊತ್ತುವ ಮಾದರಿ) ಎಳೆಯುವ ದಿಕ್ಕಿಗೆ 1ರಿಂದ 2 ಡಿಗ್ರಿ ಡ್ರಾಫ್ಟ್ (ಓರೆ) ಕೊಡಿ, ಒಳಮೂಲೆಗಳಿಗೆ ಫಿಲೆಟ್ (ದುಂಡಗಿನ ತಿರುವು) ಹಾಕಿ. 6 ಮಿ.ಮೀ. ಗೋಡೆಗೆ ಒಂದು ಬದಿಯಲ್ಲಿ 3 ಮಿ.ಮೀ. ಮೆಷಿನಿಂಗ್ ಅಲೋಯನ್ಸ್ ಸೇರಿದರೆ ದಪ್ಪ 9 ಆಗುತ್ತದೆ. ಗಟ್ಟಿಯಾಗುವ ಸಮಯ ದಪ್ಪದ ವರ್ಗಕ್ಕೆ ಅನುಗುಣವಾದ್ದರಿಂದ ಅದು 2.25 ಪಟ್ಟಾಗುತ್ತದೆ. ಹಾಟ್ ಸ್ಪಾಟ್ (ಕೊನೆಗೆ ಗಟ್ಟಿಯಾಗುವ ಬಿಸಿ ಭಾಗ) ಇರುವ ಜಾಗವೇ ಬದಲಾಗಲು ಇಷ್ಟು ಸಾಕು.

ಫಿಲೆಟ್ ವಿಷಯದಲ್ಲಿ ಎರಡೂ ತುದಿ ಅಪಾಯ. ಚೂಪು ಮೂಲೆಯಲ್ಲಿ ಬಿರುಕು, ಅತಿ ದೊಡ್ಡ ಫಿಲೆಟ್‌ನಲ್ಲಿ ಲೋಹ ಗುಡ್ಡೆ ಬಿದ್ದು ಕುಗ್ಗುಗುಳಿ (ಲೋಹ ಕುಗ್ಗಿದ್ದರಿಂದ ಒಳಗೆ ಉಳಿಯುವ ತೂತು). ಗೋಡೆ ದಪ್ಪದ ಮೂರನೇ ಒಂದರಿಂದ ಅರ್ಧದವರೆಗಿನ ತ್ರಿಜ್ಯದಿಂದ ಆರಂಭಿಸಿ.

ಸಾಮಾನ್ಯ ತಪ್ಪು: ಕುಗ್ಗುವಿಕೆಯ ಅಲೋಯನ್ಸ್ ಎರಡು ಸಲ ಸೇರುವುದು. ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಸುಮಾರು 1.3%, ಉಕ್ಕಿಗೆ 2%, ಗ್ರೇ ಐರನ್‌ಗೆ 1% ಹಿಡಿಯುವುದು ವಾಡಿಕೆ. ವಿನ್ಯಾಸಕಾರರು ಕ್ಯಾಡ್‌ನಲ್ಲಿ ಹಿಗ್ಗಿಸುತ್ತಾರೆ, ಪ್ಯಾಟರ್ನ್ ಮಾಡುವವರು ತಮ್ಮ ಅಳತೆಗೋಲಿನಲ್ಲಿ ಮತ್ತೆ ಹಿಗ್ಗಿಸುತ್ತಾರೆ. 300 ಮಿ.ಮೀ. ಉದ್ದದ ಅಲ್ಯೂಮಿನಿಯಂ ಭಾಗ ಆಗ 4 ಮಿ.ಮೀ. ಹತ್ತಿರ ಉದ್ದವಾಗಿ ಬರುತ್ತದೆ. ಅಲೋಯನ್ಸ್ ಸೇರಿದೆಯೇ ಇಲ್ಲವೇ ಎಂಬುದನ್ನು ಫೈಲಿನ ಹೆಸರಿನಲ್ಲೇ ಬರೆಯಿರಿ.

## ಹಂತ 2: ರನ್ ಕೊಡುವ ಮುನ್ನ ಕೈಲೆಕ್ಕ

ಈ ಹಂತ ಬಿಟ್ಟವರೇ ಮುಂದೆ ಹೆಚ್ಚು ಸೋಲುತ್ತಾರೆ. ಒಂದು ಭಾಗದ ಘನ ಅಳತೆಯನ್ನು ಅದು ಅಚ್ಚಿಗೆ ತಾಗುವ ಮೇಲ್ಮೈಯಿಂದ ಭಾಗಿಸಿದರೆ ಬರುವುದು ಮಾಡ್ಯುಲಸ್. ಗಟ್ಟಿಯಾಗಲು ಹಿಡಿಯುವ ಸಮಯ ಮಾಡ್ಯುಲಸ್‌ನ ವರ್ಗದಂತೆ ಏರುತ್ತದೆ. ಇದು ಚ್ವೊರಿನೊವ್ ನಿಯಮ. ಅಗಲವಾದ ತಟ್ಟೆಗೆ ಮಾಡ್ಯುಲಸ್ ದಪ್ಪದ ಅರ್ಧ, ಉದ್ದನೆಯ ಚೌಕ ಸರಳಿಗೆ ಬದಿಯ ನಾಲ್ಕನೇ ಒಂದು, ಘನಾಕೃತಿಗೆ ಬದಿಯ ಆರನೇ ಒಂದು.

ಒಂದು ಅಲ್ಯೂಮಿನಿಯಂ ಬ್ರಾಕೆಟ್ ತೆಗೆದುಕೊಳ್ಳೋಣ. 12 ಮಿ.ಮೀ. ದಪ್ಪದ ತಟ್ಟೆ, ಅದರ ನಡುವೆ 40 ಮಿ.ಮೀ. ವ್ಯಾಸದ ಬಾಸ್ (ದುಂಡನೆಯ ಉಬ್ಬು). ತಟ್ಟೆಯ ದಪ್ಪವೂ ಸೇರಿ ಬಾಸ್‌ನ ಎತ್ತರ 40 ಮಿ.ಮೀ. ತಟ್ಟೆಯ ಮಾಡ್ಯುಲಸ್ 6 ಮಿ.ಮೀ. ಬಾಸ್‌ನ ಘನ ಅಳತೆ 50,265 ಘನ ಮಿ.ಮೀ. ಮೇಲಿನ ಮುಖ, ಕೆಳಗಿನ ಮುಖ ಮತ್ತು ತಟ್ಟೆಯಿಂದ ಹೊರಗಿರುವ 28 ಮಿ.ಮೀ. ಎತ್ತರದ ಬದಿ ಸೇರಿ ತಣಿಯುವ ಮೇಲ್ಮೈ 6,032 ಚದರ ಮಿ.ಮೀ. ಮಾಡ್ಯುಲಸ್ 8.3. ಎಂದರೆ ಬಾಸ್ ಗಟ್ಟಿಯಾಗಲು ತಟ್ಟೆಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಸಮಯ ಬೇಕು. ತಟ್ಟೆ ಮೊದಲು ಗಟ್ಟಿಯಾಗಿ ದಾರಿ ಮುಚ್ಚಿಕೊಳ್ಳುತ್ತದೆ, ಬಾಸ್‌ಗೆ ಲೋಹ ಉಣಿಸಲು ಬೇರೇನೂ ಇರುವುದಿಲ್ಲ. ಕುಗ್ಗುಗುಳಿ ಎಲ್ಲಿ ಬರುತ್ತದೆ ಎಂಬುದು ಸಾಫ್ಟ್‌ವೇರ್ ತೆರೆಯುವ ಮೊದಲೇ ಗೊತ್ತಾಯಿತು.

ತಣಿಯುವ ಮೇಲ್ಮೈಯಲ್ಲಿ ಬೇರೆ ಭಾಗಕ್ಕೆ ಅಂಟಿಕೊಂಡ ಮುಖಗಳನ್ನು ಸೇರಿಸಬಾರದು. ಕ್ಯಾಡ್ ಕೊಡುವ ವಿಸ್ತೀರ್ಣದಲ್ಲಿ ಕತ್ತರಿಸಿದ ಮುಖಗಳೂ ಸೇರಿರುತ್ತವೆ, ಅವನ್ನು ಕಳೆಯಿರಿ.

## ಹಂತ 3: ಫೈಲ್ ರಫ್ತು ಮತ್ತು ಜಾಲ

ಎಸ್‌ಟಿಎಲ್ ಫೈಲಿನಲ್ಲಿ ಅಳತೆಯ ಮಾನ ದಾಖಲಾಗುವುದಿಲ್ಲ. ಇಂಚಿನಲ್ಲಿ ಉಳಿಸಿದ್ದನ್ನು ಮಿ.ಮೀ. ಎಂದು ಓದಿದರೆ ಎರಕ 25.4 ಪಟ್ಟು ಕುಗ್ಗುತ್ತದೆ. ಆಮದು ಮಾಡಿದ ಕೂಡಲೇ ಸಾಫ್ಟ್‌ವೇರ್ ತೋರಿಸುವ ತೂಕವನ್ನು ಕ್ಯಾಡ್‌ನ ತೂಕದ ಜೊತೆ ಹೋಲಿಸಿ. ವ್ಯತ್ಯಾಸ 1% ದಾಟಿದರೆ ಅಲ್ಲೇ ನಿಲ್ಲಿ: ಮೇಲ್ಮೈಯಲ್ಲಿ ತೂತಿದೆ, ತ್ರಿಕೋನಗಳ ದಿಕ್ಕು ತಿರುಗಿದೆ, ಇಲ್ಲವೇ ಎರಡು ಭಾಗಗಳು ಒಂದರೊಳಗೊಂದು ಹೊಕ್ಕಿವೆ. ರಫ್ತು ಮಾಡುವಾಗ ವಕ್ರತೆಯ ವಿಚಲನ 0.05ರಿಂದ 0.1 ಮಿ.ಮೀ. ಇದ್ದರೆ ಸಾಕು.

ಘನೀಕರಣಕ್ಕೆ ಅತಿ ತೆಳು ಗೋಡೆಯ ದಪ್ಪದಲ್ಲಿ ಕನಿಷ್ಠ 3 ಕೋಶ, ಲೋಹ ತುಂಬುವ ಲೆಕ್ಕಕ್ಕೆ 4ಕ್ಕಿಂತ ಕಡಿಮೆ ಬೇಡ. ಕೋಶದ ಅಳತೆ ಅರ್ಧ ಮಾಡಿದರೆ ಕೋಶಗಳ ಸಂಖ್ಯೆ 8 ಪಟ್ಟಾಗುತ್ತದೆ, ಕಾಲದ ಹೆಜ್ಜೆಯೂ ಚಿಕ್ಕದಾಗುವುದರಿಂದ ರನ್ ಅದಕ್ಕಿಂತಲೂ ಹೆಚ್ಚು ಉದ್ದವಾಗುತ್ತದೆ. ಹಾಗಾಗಿ ಮೊದಲ ರನ್‌ಗಳು ಒರಟು ಜಾಲದಲ್ಲೇ ಇರಲಿ. ನಿರ್ಧಾರಕ್ಕೆ ಮುನ್ನ ಒಮ್ಮೆ ನುಣುಪು ಜಾಲದಲ್ಲಿ ಓಡಿಸಿ. ಕೊನೆಗೆ ಗಟ್ಟಿಯಾಗುವ ಜಾಗ ಬದಲಾದರೆ ಒರಟು ಜಾಲದ ಹಳೆಯ ಫಲಿತಾಂಶಗಳನ್ನೆಲ್ಲ ಬದಿಗಿಡಿ.

## ಹಂತ 4: ಲೋಹ, ಅಚ್ಚು, ಅವುಗಳ ನಡುವಿನ ಗಡಿ

ದತ್ತಾಂಶದ ಪಟ್ಟಿಯಿಂದ ಹತ್ತಿರದ ಹೆಸರಿನ ಮಿಶ್ರಲೋಹ ಆರಿಸಿ ಮುಂದೆ ಹೋಗುವುದು ಸುಲಭ, ಆದರೆ ಲಿಕ್ವಿಡಸ್ (ಗಟ್ಟಿಯಾಗಲು ತೊಡಗುವ) ಮತ್ತು ಸಾಲಿಡಸ್ (ಪೂರ್ತಿ ಗಟ್ಟಿಯಾಗುವ) ತಾಪಮಾನಗಳನ್ನಾದರೂ ತೆರೆದು ನೋಡಿ. ಎ356 ಅಲ್ಯೂಮಿನಿಯಂಗೆ ಅವು ಸುಮಾರು 615 ಮತ್ತು 555 ಡಿಗ್ರಿ ಸೆಲ್ಸಿಯಸ್. ನಿಮ್ಮ ಲೋಹದ ರಾಸಾಯನಿಕ ಸಂಯೋಜನೆ ಬೇರೆಯಿದ್ದರೆ ಜೆಮ್ಯಾಟ್‌ಪ್ರೋ ಅಥವಾ ಥರ್ಮೋ-ಕ್ಯಾಲ್ಕ್‌ನಲ್ಲಿ ಲೆಕ್ಕ ಹಾಕಿಸಿ ತಾಪಮಾನದೊಂದಿಗೆ ಬದಲಾಗುವ ಸಾಂದ್ರತೆಯ ರೇಖೆಯನ್ನು ಸೇರಿಸಬಹುದು. ಸಾಂದ್ರತೆಗೆ ಒಂದೇ ಸ್ಥಿರ ಸಂಖ್ಯೆ ಕೊಟ್ಟರೆ ಲೋಹ ಕುಗ್ಗುವುದೇ ಇಲ್ಲ, ಕುಗ್ಗುಗುಳಿಯೂ ಕಾಣುವುದಿಲ್ಲ. ‘ಕ್ಲೀನ್’ ಎಂದು ಬಂದ ಎಷ್ಟೋ ವರದಿಗಳ ಹಿಂದೆ ಇದೊಂದೇ ಕಾರಣ ಇರುತ್ತದೆ.

ಲೋಹ ಮತ್ತು ಅಚ್ಚಿನ ನಡುವಿನ ಶಾಖ ವರ್ಗಾವಣೆಯ ಗುಣಾಂಕ ಇನ್ನೊಂದು ಸೂಕ್ಷ್ಮ ಸಂಖ್ಯೆ. ಮರಳಿಗೆ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 500ರಿಂದ 1000 ವ್ಯಾಟ್, ಲೋಹದ ಚಿಲ್‌ಗೆ (ಎರಕವನ್ನು ಬೇಗ ತಣಿಸಲು ಅಚ್ಚಿನಲ್ಲಿಡುವ ತುಂಡು) 1000ದಿಂದ ಕೆಲವು ಸಾವಿರ ವ್ಯಾಟ್, ಇವು ಆರಂಭದ ಮೌಲ್ಯಗಳು. ಎರಕ ಕುಗ್ಗಿ ಚಿಲ್‌ನಿಂದ ದೂರ ಸರಿದಾಗ ನಡುವೆ ಗಾಳಿಯ ಪದರ ಹುಟ್ಟಿ ಗುಣಾಂಕ ಇಳಿಯುತ್ತದೆ. ಸಾಫ್ಟ್‌ವೇರ್ ಒಪ್ಪಿದರೆ ತಾಪಮಾನಕ್ಕೆ ತಕ್ಕಂತೆ ಬದಲಾಗುವ ರೇಖೆಯನ್ನೇ ಕೊಡಿ. ಚಿಲ್‌ಗೆ ಸ್ಥಿರವಾದ ದೊಡ್ಡ ಸಂಖ್ಯೆ ಕೊಟ್ಟವರಿಗೆ ಪರದೆಯಲ್ಲಿ ಚಿಲ್ ಅದ್ಭುತವಾಗಿ ಕೆಲಸ ಮಾಡುತ್ತದೆ, ಅಚ್ಚಿನಲ್ಲಿ ಅಷ್ಟು ಮಾಡುವುದಿಲ್ಲ.

## ಹಂತ 5: ಬರೀ ಎರಕವನ್ನು ಗಟ್ಟಿಯಾಗಲು ಬಿಡಿ

ಗೇಟಿಲ್ಲ, ಫೀಡರ್ ಇಲ್ಲ. ಅಚ್ಚು ಒಂದೇ ಕ್ಷಣದಲ್ಲಿ ತುಂಬಿದೆ ಎಂದು ಭಾವಿಸಿ ಘನೀಕರಣವನ್ನು ಮಾತ್ರ ಓಡಿಸಿ. ಸಾಧಾರಣ ಕಂಪ್ಯೂಟರಿನಲ್ಲೂ ಇದು ಬೇಗ ಮುಗಿಯುತ್ತದೆ.

ನೋಡಬೇಕಾದದ್ದು ಘನ ಅಂಶದ (ಎಷ್ಟು ಭಾಗ ಗಟ್ಟಿಯಾಗಿದೆ ಎಂಬುದರ) ಚಿತ್ರ. ಸಮಯ ಮುಂದೆ ಸರಿಸುತ್ತಾ, ಇನ್ನೂ ದ್ರವವಾಗಿರುವ ಭಾಗ ಎಲ್ಲೆಲ್ಲಿ ಬೇರ್ಪಟ್ಟು ದ್ವೀಪವಾಗುತ್ತದೆ ಎಂದು ಗುರುತಿಸಿ. ಪ್ರತಿ ದ್ವೀಪಕ್ಕೂ ಒಂದು ಫೀಡರ್, ಒಂದು ಚಿಲ್ ಅಥವಾ ಆಕಾರದಲ್ಲೇ ಒಂದು ಬದಲಾವಣೆ ಬೇಕು. ನಮ್ಮ ಬ್ರಾಕೆಟ್‌ನಲ್ಲಿ ದ್ವೀಪ ಬಾಸ್‌ನ ನಡುವೆಯೇ ಕಾಣಬೇಕು. ಬೇರೆಲ್ಲೋ ಕಂಡರೆ, ಅಥವಾ ಸಮ್ಮಿತಿಯಿರುವ ಭಾಗದಲ್ಲಿ ಎಡ ಬಲ ಬೇರೆಬೇರೆಯಾಗಿ ಬಂದರೆ, ತಪ್ಪು 3ನೆಯ ಅಥವಾ 4ನೆಯ ಹಂತದಲ್ಲಿದೆ. ಅದನ್ನು ತಿದ್ದದೆ ಮುಂದೆ ಹೋಗಬೇಡಿ.

## ಹಂತ 6: ಮೊದಲು ಆಕಾರ, ಆಮೇಲೆ ಚಿಲ್, ಕೊನೆಗೆ ಫೀಡರ್

ಫೀಡರ್‌ನ ಮಾಡ್ಯುಲಸ್ ತಾನು ಉಣಿಸುವ ಭಾಗದ 1.2 ಪಟ್ಟಾದರೂ ಇರಬೇಕು ಎಂಬುದು ರೂಢಿಯ ನಿಯಮ. ಬ್ರಾಕೆಟ್‌ಗೆ ಹಚ್ಚಿ ನೋಡಿ. ಬಾಸ್‌ನ ತಲೆಯ ಮೇಲೆ ಫೀಡರ್ ಕೂತರೆ ಆ ಮುಖ ಇನ್ನು ತಣಿಯುವುದಿಲ್ಲ, ಹಾಗಾಗಿ ಬಾಸ್‌ನ ಮಾಡ್ಯುಲಸ್ 8.3ರಿಂದ 10.5ಕ್ಕೆ ಏರುತ್ತದೆ. ಫೀಡರ್‌ಗೆ 12.6 ಬೇಕು. ಎತ್ತರ ವ್ಯಾಸದ ಒಂದೂವರೆ ಪಟ್ಟಿರುವ ಸಿಲಿಂಡರಿನಲ್ಲಿ ಅದು ಬರಬೇಕಾದರೆ ವ್ಯಾಸ 64, ಎತ್ತರ 96 ಮಿ.ಮೀ. ಆಗಬೇಕು. 50 ಘನ ಸೆಂ.ಮೀ. ಬಾಸ್ ಉಳಿಸಲು 309 ಘನ ಸೆಂ.ಮೀ. ಲೋಹ ಕತ್ತರಿಸಿ ಬಿಸಾಡಬೇಕು. ಫೀಡರ್ ಸೇರಿಸಿದಾಗ ಹಾಟ್ ಸ್ಪಾಟ್ ತಾನೂ ಬೆಳೆಯುತ್ತದೆ ಎಂಬುದನ್ನು ಮರೆತು 8.3ಕ್ಕೆ ಲೆಕ್ಕ ಹಾಕಿದರೆ, ಫೀಡರ್ ಬಾಸ್‌ಗಿಂತ ಮೊದಲೇ ಗಟ್ಟಿಯಾಗಿ ಬಾಸ್‌ನಿಂದಲೇ ಲೋಹ ಎಳೆದುಕೊಳ್ಳಬಹುದು.

ಈಗ ಆಕಾರ ಬದಲಿಸಿ. ಬಾಸ್‌ನಲ್ಲಿ ಹೇಗೂ 20 ಮಿ.ಮೀ. ರಂಧ್ರ ಕೊರೆಯುವುದಿದ್ದರೆ ಅದನ್ನು ಕೋರ್ (ರಂಧ್ರದ ಆಕಾರದ ಮರಳಿನ ತುಂಡು) ಇಟ್ಟು ಎರಕದಲ್ಲೇ ತೆಗೆಯಿರಿ. ಕೋರ್‌ನ ಮೇಲ್ಮೈಯೂ ಪೂರ್ತಿ ತಣಿಸುತ್ತದೆ ಎಂದರೆ ಮಾಡ್ಯುಲಸ್ 4.8, ಏನೂ ತಣಿಸುವುದಿಲ್ಲ ಎಂದರೆ 7.0. ಸಣ್ಣ ಮರಳು ಕೋರ್ ಸುತ್ತಲಿನ ಬಿಸಿಗೆ ಬೇಗ ಕಾದುಬಿಡುವುದರಿಂದ ನಿಜ ಇವೆರಡರ ನಡುವೆ ಎಲ್ಲೋ ಇದೆ. ತಟ್ಟೆಯದು 6. ಇಂಥ ಅಂದಾಜಿಗೇ ಸಾಫ್ಟ್‌ವೇರ್ ಬೇಕಾಗುವುದು: ಕೋರ್ ಇರುವ ಮಾಡೆಲ್‌ಗೆ 5ನೆಯ ಹಂತವನ್ನು ಮತ್ತೆ ಓಡಿಸಿ. ದ್ವೀಪ ಮಾಯವಾದರೆ ಫೀಡರೇ ಬೇಡ. ಸಣ್ಣದೊಂದು ಉಳಿದರೆ ಬಾಸ್‌ನ ಕೆಳಮುಖಕ್ಕೆ ಚಿಲ್ ಇಟ್ಟು ನೋಡಿ. ಅದೂ ಸಾಲದಿದ್ದರೆ ಮಾತ್ರ ಫೀಡರ್. ಶಾಖ ತಡೆಯುವ ಸ್ಲೀವ್ ಹಾಕಿದರೆ ಅದೇ ಕೆಲಸಕ್ಕೆ ಚಿಕ್ಕ ಫೀಡರ್ ಸಾಕಾಗುತ್ತದೆ.

ಫೀಡರ್ ಇಟ್ಟ ಮೇಲೆ ಎರಡನೆಯ ಪರೀಕ್ಷೆಯೂ ಉಂಟು. ಮಾಡ್ಯುಲಸ್ ಸರಿಯಿದ್ದರೂ ಅದರಲ್ಲಿರುವ ಲೋಹ ಸಾಲಬೇಕು. ಸಾದಾ ಸಿಲಿಂಡರ್ ಫೀಡರ್ ತನ್ನ ಘನ ಅಳತೆಯ ಸುಮಾರು 14% ಮಾತ್ರ ಎರಕಕ್ಕೆ ಕೊಡಬಲ್ಲದು. ತೆಳುವಾದ, ಹರಡಿಕೊಂಡ ಎರಕಗಳಲ್ಲಿ ಸೋಲುವುದು ಈ ಲೆಕ್ಕವೇ.

ಎಚ್ಚರಿಕೆಯ ಚಿಹ್ನೆಗಳು:
- ಫೀಡರ್ ಒಳಗಿನ ಗುಳಿಯ ತುದಿ ಕುತ್ತಿಗೆಯ (ಫೀಡರ್ ಎರಕಕ್ಕೆ ಸೇರುವ ಭಾಗ) ಹತ್ತಿರ ಬಂದಿದೆ. ಅಚ್ಚಿನಲ್ಲಿ ಅದು ಎರಕದೊಳಕ್ಕೇ ಇಳಿದೀತು.
- ಫೀಡರ್ ಇನ್ನೂ ದ್ರವವಾಗಿರುವಾಗಲೇ ಕುತ್ತಿಗೆ ಗಟ್ಟಿಯಾಗಿದೆ.
- ಫೀಡರ್ ದೊಡ್ಡದಾಗಿಸಿದಷ್ಟೂ ಹಾಟ್ ಸ್ಪಾಟ್ ಅದರ ಬುಡಕ್ಕೆ ಸರಿಯುತ್ತಿದೆ.

## ಹಂತ 7: ಗೇಟಿಂಗ್ ಮತ್ತು ತುಂಬುವಿಕೆ

ಘನೀಕರಣ ಸರಿಯಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಅಲ್ಯೂಮಿನಿಯಂನಲ್ಲಿ ಗೇಟಿನಿಂದ ಅಚ್ಚಿಗೆ ನುಗ್ಗುವ ಲೋಹದ ವೇಗ ಸೆಕೆಂಡಿಗೆ 0.5 ಮೀಟರ್ ದಾಟಬಾರದು. ದಾಟಿದರೆ ಮೇಲ್ಮೈಯ ಆಕ್ಸೈಡ್ ಪೊರೆ ಮಡಚಿ ಒಳಗೆ ಸೇರುತ್ತದೆ, ಆ ಮಡಿಕೆಗಳು ಬಿರುಕಿನಂತೆ ವರ್ತಿಸುತ್ತವೆ. ಕೇವಲ 12.7 ಮಿ.ಮೀ. ಎತ್ತರದಿಂದ ಬಿದ್ದರೆ ಲೋಹ ಈ ವೇಗ ಮುಟ್ಟುತ್ತದೆ. 250 ಮಿ.ಮೀ. ಎತ್ತರದ ಸ್ಪ್ರೂ (ಲೋಹ ಕೆಳಗಿಳಿಯುವ ನೇರ ಕೊಳವೆ) ಬುಡದಲ್ಲಿ ವೇಗ 2.2 ಮೀಟರ್. ಹಾಗಾಗಿ ಗೇಟುಗಳ ಒಟ್ಟು ವಿಸ್ತೀರ್ಣ ಸ್ಪ್ರೂ ಬುಡದ 4.4 ಪಟ್ಟಾದರೂ ಬೇಕು, ಅದೂ ಗೇಟು ಪೂರ್ತಿ ತುಂಬಿ ಹರಿದರೆ.

ಎಷ್ಟೋ ಜನ ಎಡವುವುದು ಇಲ್ಲಿಯೇ. ವಿಸ್ತೀರ್ಣ ಹಿಗ್ಗಿಸಿದ ಮಾತ್ರಕ್ಕೆ ಲೋಹ ನಿಧಾನವಾಗುವುದಿಲ್ಲ. ಅಗಲವಾದ ರನ್ನರ್‌ನ ತಳದಲ್ಲಿ ತೆಳ್ಳಗೆ ಅದೇ ವೇಗದಲ್ಲಿ ಓಡಿ, ತುದಿಗೆ ಬಡಿದು, ಹಿಂದೆ ಮಗುಚುತ್ತದೆ. ಸ್ಪ್ರೂ ಬುಡದ ನಂತರ ಸೆರಾಮಿಕ್ ಫೋಮ್ ಫಿಲ್ಟರ್ ಇಡಿ, ರನ್ನರ್ ಅನ್ನು ಅಗತ್ಯಕ್ಕಿಂತ ಎತ್ತರ ಮಾಡಬೇಡಿ, ಲೋಹ ಕೆಳಗಿನಿಂದ ಏರುವಂತೆ ಗೇಟು ಕೊಡಿ. ಸ್ಪ್ರೂ ಕೆಳಗೆ ಹೋದಂತೆ ಕಿರಿದಾಗಬೇಕು. ಸುರಿಯುವ ಬಟ್ಟಲಿನಲ್ಲಿ ಲೋಹದ ಆಳ 50 ಮಿ.ಮೀ., ಬಟ್ಟಲಿನ ಮೇಲ್ಮಟ್ಟದಿಂದ ಸ್ಪ್ರೂ ಬುಡಕ್ಕೆ 250 ಮಿ.ಮೀ. ಇದ್ದರೆ ಸ್ಪ್ರೂ ಬಾಯಿಯ ವಿಸ್ತೀರ್ಣ ಬುಡದ 2.24 ಪಟ್ಟು.

ಸಾಫ್ಟ್‌ವೇರಿನಲ್ಲಿ ಲೋಹ ಪ್ರವೇಶಿಸುವ ಜಾಗವನ್ನು ಗೇಟಿಗೆ ಕೊಡಬೇಡಿ, ಬಟ್ಟಲಿನ ಮೇಲೆ ಕೊಡಿ. ಗೇಟಿಗೆ ಸ್ಥಿರ ವೇಗ ಕೊಟ್ಟರೆ ಸ್ಪ್ರೂ, ರನ್ನರ್‌ಗಳ ತಪ್ಪುಗಳೆಲ್ಲ ಮರೆಯಾಗುತ್ತವೆ. ಮುಗಿದ ಮೇಲೆ ಮೂರು ವಿಷಯ ನೋಡಿ: ಗೇಟಿನ ವೇಗ, ಕೊನೆಗೆ ತುಂಬುವ ಮೂಲೆಯಲ್ಲಿ ಲೋಹದ ತಾಪಮಾನ, ಗಾಳಿ ಸಿಕ್ಕಿಬಿದ್ದ ಜಾಗ. ಆ ಮೂಲೆಯಲ್ಲಿ ತಾಪಮಾನ ಲಿಕ್ವಿಡಸ್‌ಗಿಂತ ಕೆಳಗಿಳಿದರೆ ಕೋಲ್ಡ್ ಶಟ್ (ಲೋಹದ ಹರಿವುಗಳು ಬೆಸೆಯದೆ ಉಳಿಯುವ ಸೀಳು) ನಿರೀಕ್ಷಿಸಿ.

## ಹಂತ 8: ಎರಡನ್ನೂ ಜೋಡಿಸಿ ಓದುವುದು

ತುಂಬುವಿಕೆಯ ಕೊನೆಯ ತಾಪಮಾನದಿಂದಲೇ ಘನೀಕರಣ ಆರಂಭವಾಗುವಂತೆ ಪೂರ್ತಿ ರನ್ ಕೊಡಿ. ಗೇಟಿನ ಬಳಿ ಮರಳು ಕಾದು ಹೊಸ ಹಾಟ್ ಸ್ಪಾಟ್ ಹುಟ್ಟಿರಬಹುದು, 5ನೆಯ ಹಂತದ ಚಿತ್ರದ ಪಕ್ಕದಲ್ಲಿಟ್ಟು ನೋಡಿ.

ಸೂಕ್ಷ್ಮ ರಂಧ್ರಗಳಿಗೆ ಹೆಚ್ಚಿನವರು ನೋಡುವುದು ನಿಯಾಮ ಮಾನದಂಡ. ಘನೀಕರಣ ಮುಗಿಯುವ ಹೊತ್ತಿನ ತಾಪಮಾನದ ಇಳಿಜಾರನ್ನು ತಣಿಯುವ ದರದ ವರ್ಗಮೂಲದಿಂದ ಭಾಗಿಸಿದ ಸಂಖ್ಯೆ ಅದು. ಚಿಕ್ಕದಾದಷ್ಟೂ ಅಪಾಯ. ಉಕ್ಕಿಗೆ ಹೇಳುವ ಮಿತಿ 1 ಬಂದದ್ದು ನಿಮಿಷ ಮತ್ತು ಸೆಂಟಿಮೀಟರ್ ಲೆಕ್ಕದಲ್ಲಿ. ಸೆಕೆಂಡು ಮತ್ತು ಮಿ.ಮೀ. ಬಳಸುವ ಸಾಫ್ಟ್‌ವೇರಿನಲ್ಲಿ ಅದೇ ಮಿತಿ 0.775, ಸೆಕೆಂಡು ಮತ್ತು ಸೆಂಟಿಮೀಟರ್ ಇದ್ದರೆ 7.75. ಮಾನ ನೋಡದೆ ಬಣ್ಣದ ಪಟ್ಟಿಗೆ 1 ಎಂದು ಕೊಟ್ಟರೆ ರಂಧ್ರಗಳಿರುವ ಎರಕವೂ ಶುದ್ಧವಾಗಿ ಕಾಣುವ ಸಾಧ್ಯತೆ ಇದೆ.

ಗ್ರೇ ಐರನ್, ಡಕ್ಟೈಲ್ ಐರನ್‌ಗಳಿಗೆ ಈ ಮಾನದಂಡ ಹಚ್ಚಬೇಡಿ. ಗಟ್ಟಿಯಾಗುವಾಗ ಗ್ರಾಫೈಟ್ ಹುಟ್ಟಿ ಲೋಹ ಹಿಗ್ಗುತ್ತದೆ, ಅಚ್ಚು ಬಿಗಿಯಾಗಿದ್ದರೆ ಆ ಹಿಗ್ಗುವಿಕೆಯೇ ಕುಗ್ಗುವಿಕೆಯನ್ನು ತುಂಬಿಕೊಡುತ್ತದೆ. ಐರನ್‌ಗೆ ಬೇರೆ ಮಾಡ್ಯೂಲ್ ಇರುವ ಸಾಫ್ಟ್‌ವೇರನ್ನೇ ಬಳಸಿ, ಇನಾಕ್ಯುಲೇಶನ್ (ಗ್ರಾಫೈಟ್ ಹುಟ್ಟಲು ನೆರವಾಗುವಂತೆ ಕರಗಿದ ಲೋಹಕ್ಕೆ ಬೆರೆಸುವುದು) ಮತ್ತು ಅಚ್ಚಿನ ಬಿಗಿತದ ಆಯ್ಕೆಗಳನ್ನು ಫೌಂಡ್ರಿಯವರನ್ನು ಕೇಳಿ ತುಂಬಿ.

## ಹಂತ 9: ಕೊಯ್ದು ಹೋಲಿಸಿ

ಮೊದಲ ಎರಕದ ಅಚ್ಚಿನಲ್ಲೇ ಕನಿಷ್ಠ ಎರಡು ಥರ್ಮೋಕಪಲ್ ಇಡಿ, ಒಂದು ದಪ್ಪ ಭಾಗದ ನಡುವೆ, ಇನ್ನೊಂದು ಚಿಲ್ ಅಥವಾ ಫೀಡರ್ ಹತ್ತಿರ. ದಪ್ಪ ಭಾಗ ಸಾಲಿಡಸ್ ಮುಟ್ಟಿದ ಸಮಯ ಸಿಮ್ಯುಲೇಶನ್‌ನ ಸಮಯಕ್ಕೆ ಹೊಂದುವವರೆಗೆ ಶಾಖ ವರ್ಗಾವಣೆಯ ಗುಣಾಂಕವನ್ನು ತಿದ್ದಿ. ಒಂದೇ ಮರಳು, ಒಂದೇ ಲೋಹ ಇರುವವರೆಗೆ ಈ ತಿದ್ದಿದ ಮೌಲ್ಯ ಮುಂದಿನ ಎರಕಗಳಿಗೂ ಕೆಲಸಕ್ಕೆ ಬರುತ್ತದೆ.

ಎರಕವನ್ನು ಸಾಫ್ಟ್‌ವೇರ್ ದೋಷ ತೋರಿಸಿದ ಕಡೆಯೂ, ತೋರಿಸದ ಕಡೆಯೂ ಕೊಯ್ಯಿರಿ. ರಂಧ್ರ ಸಿಕ್ಕರೆ ಅದರ ಗೋಡೆಯನ್ನು ಭೂತಗನ್ನಡಿಯಲ್ಲಿ ನೋಡಿ. ಒರಟಾಗಿ, ಹರಳಿನ ರೆಂಬೆಗಳು ಎದ್ದಂತೆ ಇದ್ದರೆ ಕುಗ್ಗುಗುಳಿ, ವಿನ್ಯಾಸಕ್ಕೆ ಮರಳಿ. ದುಂಡಗೆ, ನುಣುಪಾಗಿ, ಹೊಳೆಯುತ್ತಿದ್ದರೆ ಅನಿಲ: ಕರಗಿದ ಅಲ್ಯೂಮಿನಿಯಂನಲ್ಲಿ ಹೈಡ್ರೋಜನ್, ತೇವದ ಮರಳು, ಸರಿಯಾಗಿ ಬೇಯದ ಕೋರ್. ನೀವು ಓಡಿಸಿದ ಲೆಕ್ಕದಲ್ಲಿ ಇವು ಯಾವುವೂ ಇರಲಿಲ್ಲ. ಇಂಥ ರಂಧ್ರಕ್ಕೆ ಫೀಡರ್ ದೊಡ್ಡದು ಮಾಡುತ್ತಾ ಹೋದರೆ ಲೋಹ ವ್ಯರ್ಥ, ರಂಧ್ರ ಅಲ್ಲೇ ಇರುತ್ತದೆ. ಕಡಿಮೆ ಒತ್ತಡದಲ್ಲಿ ಮಾದರಿ ಗಟ್ಟಿಯಾಗಿಸಿ ಕರಗಿದ ಲೋಹದ ಅನಿಲ ಪರೀಕ್ಷಿಸಿ, ಮರಳಿನ ತೇವ ಅಳೆಯಿರಿ, ಕೋರ್‌ನ ಗಾಳಿದಾರಿ ತೆರೆದಿದೆಯೇ ನೋಡಿ. ಇವು ಮೂರೂ ಸರಿಯಿದ್ದು ರಂಧ್ರ ಉಳಿದರೆ 7ನೆಯ ಹಂತದ ಗಾಳಿ ಸಿಕ್ಕಿಬಿದ್ದ ಚಿತ್ರವನ್ನು ಆ ಜಾಗಕ್ಕೆ ಹೊಂದಿಸಿ ನೋಡಿ, ಅಲ್ಲಿ ಒಂದು ವೆಂಟ್ (ಗಾಳಿ ಹೊರಹೋಗುವ ದಾರಿ) ಕೊಟ್ಟು ಮತ್ತೆ ಸುರಿಯಿರಿ.